ನಾಯಿ-ಬೆಕ್ಕಿನೊಂದಿಗೆ ಹಿರಿಯರ ವಸತಿ ಸಮುಚ್ಚಯಕ್ಕೆ: ಮುಂಗಡ ಕಟ್ಟುವ ಮುನ್ನ ವಿಚಾರಿಸಬೇಕಾದ ಸಂಗತಿಗಳು

ದೇವನಹಳ್ಳಿಯ ಸುತ್ತ, ಕನಕಪುರ ರಸ್ತೆಯ ಆಸುಪಾಸಿನಲ್ಲಿ, ಗಡಿ ದಾಟಿದರೆ ಕೊಯಮತ್ತೂರಿನಲ್ಲಿ, ನಿವೃತ್ತರಿಗೆಂದೇ ಕಟ್ಟಿದ ವಸತಿ ಸಮುಚ್ಚಯಗಳು ಹೆಚ್ಚುತ್ತಿವೆ. ಅವುಗಳಲ್ಲಿ ಹಲವು ತಮ್ಮ ಜಾಹೀರಾತಿನಲ್ಲಿ ‘ಪೆಟ್ ಫ್ರೆಂಡ್ಲಿ’ ಎಂದು ಬರೆದುಕೊಳ್ಳುತ್ತವೆ. ಈ ಮಾತಿಗೆ ಕಾನೂನು ಗೊತ್ತುಮಾಡಿದ ಅರ್ಥವೇನೂ ಇಲ್ಲ. ಒಂದು ಕಡೆ ಅದಕ್ಕೆ ‘ನಾಯಿ ತಂದರೆ ಗೇಟಿನಲ್ಲಿ ತಡೆಯುವುದಿಲ್ಲ’ ಎಂಬಷ್ಟೇ ಅರ್ಥವಿರುತ್ತದೆ. ಇನ್ನೊಂದು ಕಡೆ ನಾಯಿ ಓಡಾಡಲು ಬೇಲಿ ಹಾಕಿದ ಜಾಗ, ತಿಂಗಳಿಗೊಮ್ಮೆ ಬರುವ ಪಶುವೈದ್ಯರು, ಯಜಮಾನರಿಗೆ ಹುಷಾರಿಲ್ಲದಾಗ ಊಟ ಹಾಕುವ ಸಿಬ್ಬಂದಿ, ಇಷ್ಟೂ ಇರುತ್ತವೆ.

ತುಮಕೂರಿನಲ್ಲಿ ಒಬ್ಬರೇ ಇದ್ದ ನನ್ನ ಚಿಕ್ಕಮ್ಮನಿಗೂ ಅವರ ಎಂಟು ವರ್ಷದ ನಾಡತಳಿ ನಾಯಿ ಕರಿಯನಿಗೂ ಮನೆ ಹುಡುಕುತ್ತ ನಾವು ಆರು ಕಡೆ ಹೋಗಿ ನೋಡಿದೆವು. ಆರೂ ಕಡೆ ಮಾರಾಟ ವಿಭಾಗದವರು ‘ಏನೂ ತೊಂದರೆ ಇಲ್ಲ ಮೇಡಂ’ ಎಂದೇ ಉತ್ತರಿಸಿದರು. ಚಿಕ್ಕಮ್ಮ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಹಾರಿಕೆಯ ಉತ್ತರಗಳನ್ನು ಜೀವನವಿಡೀ ಕೇಳಿದವರು. ಎರಡನೆಯ ಸ್ಥಳದಿಂದಾಚೆಗೆ ಅವರು ‘ನಾಯಿಗೆ ಅವಕಾಶ ಇದೆಯೇ’ ಎಂದು ಕೇಳುವುದನ್ನೇ ಬಿಟ್ಟು, ‘ರಾತ್ರಿ ಎರಡು ಗಂಟೆಗೆ ನನ್ನನ್ನು ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರೆ ಬೆಳಗ್ಗೆ ಆರಕ್ಕೆ ಕರಿಯನನ್ನು ಹೊರಗೆ ಕರೆದೊಯ್ಯುವವರು ಯಾರು’ ಎಂದು ಕೇಳತೊಡಗಿದರು. ಹೆಚ್ಚಿನ ಕಡೆ ಈ ಪ್ರಶ್ನೆಗೆ ಉತ್ತರವೇ ಬರಲಿಲ್ಲ. ಸಮುಚ್ಚಯವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಇದುವರೆಗೆ ಸಿಕ್ಕಿಲ್ಲ. ಮುಂದಿನ ಹೆಜ್ಜೆಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಅದಕ್ಕೇ ತಳಕು ಹಾಕಿಕೊಂಡಿವೆ.

ಮೊದಲ ಹೆಜ್ಜೆ: ಯಾವ ಬಗೆಯ ವಸತಿ ಎಂಬುದನ್ನು ಖಚಿತಪಡಿಸಿಕೊಳ್ಳಿ

ನಿವೃತ್ತರ ವಸತಿಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ಕಡೆ ಫ್ಲಾಟು ಅಥವಾ ವಿಲ್ಲಾವನ್ನು ನಿಮ್ಮ ಹೆಸರಿಗೆ ನೋಂದಣಿ ಮಾಡಿಕೊಡುತ್ತಾರೆ. ಊಟ, ಸ್ವಚ್ಛತೆ, ನರ್ಸ್ ಸೇವೆಗಳಿಗೆ ಪ್ರತಿ ತಿಂಗಳು ಪ್ರತ್ಯೇಕವಾಗಿ ಹಣ ಕಟ್ಟುತ್ತೀರಿ. ಇನ್ನು ಕೆಲವು ಕಡೆ ದೊಡ್ಡ ಮೊತ್ತದ ಠೇವಣಿ ಇಟ್ಟು ವಾಸದ ಹಕ್ಕನ್ನಷ್ಟೇ ಪಡೆಯುತ್ತೀರಿ, ಮಾಲೀಕತ್ವ ಸಂಸ್ಥೆಯಲ್ಲೇ ಉಳಿಯುತ್ತದೆ. ಮೂರನೆಯದು ಅಸಿಸ್ಟೆಡ್ ಲಿವಿಂಗ್, ಅಂದರೆ ಸ್ನಾನ, ಔಷಧ, ಓಡಾಟಕ್ಕೆಲ್ಲ ಸಹಾಯಕರಿರುವ ವಸತಿ. ಮರೆಗುಳಿತನ ಇರುವವರ ಆರೈಕೆ ವಿಭಾಗವೂ ಸಾಮಾನ್ಯವಾಗಿ ಇದರ ಜೊತೆಗೇ ಇರುತ್ತದೆ.

ಪ್ರಾಣಿಗಳ ವಿಷಯದಲ್ಲಿ ಈ ಮೂರರ ನಡುವೆ ಅಜಗಜಾಂತರವಿದೆ. ಸ್ವಂತ ಫ್ಲಾಟಿನಲ್ಲಿ ನಾಯಿ ಸಾಕಲು ಒಪ್ಪುವ ಸಂಸ್ಥೆಯೇ ತನ್ನ ಅಸಿಸ್ಟೆಡ್ ಲಿವಿಂಗ್ ಕಟ್ಟಡದಲ್ಲಿ ಬೆಕ್ಕಿನ ಮರಿಯನ್ನೂ ಬಿಟ್ಟುಕೊಳ್ಳದಿರಬಹುದು. ಇಂದು ನಿಮ್ಮ ಕಾಲಮೇಲೆ ನೀವು ನಿಂತಿದ್ದೀರಿ. ಐದು ವರ್ಷದ ನಂತರ ಅದೇ ಆವರಣದ ಆರೈಕೆ ವಿಭಾಗಕ್ಕೆ ಹೋಗಬೇಕಾಗಿ ಬಂದರೆ ಪ್ರಾಣಿಯೂ ಜೊತೆಗೆ ಬರಬಹುದೇ, ಬರಲಾಗದಿದ್ದರೆ ದಿನಕ್ಕೊಮ್ಮೆ ಭೇಟಿಗಾದರೂ ಅವಕಾಶವಿದೆಯೇ ಎಂಬುದನ್ನು ಈಗಲೇ ಕೇಳಿಕೊಳ್ಳಬೇಕು.

ಎರಡನೆಯ ಹೆಜ್ಜೆ: ನಿಮ್ಮ ವಯಸ್ಸನ್ನೂ ಪ್ರಾಣಿಯ ವಯಸ್ಸನ್ನೂ ಅಕ್ಕಪಕ್ಕ ಬರೆಯಿರಿ

ಲ್ಯಾಬ್ರಡಾರ್ ಸಾಮಾನ್ಯವಾಗಿ ಹತ್ತರಿಂದ ಹನ್ನೆರಡು ವರ್ಷ ಬದುಕುತ್ತದೆ. ಚೆನ್ನಾಗಿ ಸಾಕಿದ ನಾಡತಳಿಯ ನಾಯಿ ಅದಕ್ಕೂ ಹೆಚ್ಚು. ಮನೆಯೊಳಗೇ ಇರುವ ಬೆಕ್ಕು ಹದಿನೈದು ವರ್ಷ ದಾಟುವುದು ಅಪರೂಪವೇನಲ್ಲ. ನಿಮಗೆ 70, ನಾಯಿಗೆ ಎಂಟು ಎಂದಾದರೆ ನೀವಿಬ್ಬರೂ ಹೆಚ್ಚುಕಡಿಮೆ ಜೊತೆಯಾಗಿಯೇ ಮುಪ್ಪಿಗೆ ಕಾಲಿಡುತ್ತೀರಿ, ಮತ್ತು ಅದು ಒಳ್ಳೆಯ ಜೋಡಿ. ನಿಮಗೆ 75 ಆಗಿ, ಮಗ ಅಮೆರಿಕಕ್ಕೆ ಹೊರಟಾಗ ಬಿಟ್ಟುಹೋದ ಒಂದು ವರ್ಷದ ಮುಧೋಳ ನಾಯಿ ನಿಮ್ಮ ಪಾಲಿಗೆ ಬಂದಿದ್ದರೆ ವಿಷಯ ಬೇರೆ. ಬೇಟೆಗಾಗಿ, ಓಟಕ್ಕಾಗಿ ಬೆಳೆದುಬಂದ ತಳಿ ಅದು. ದಿನಕ್ಕೆರಡು ಬಾರಿ ಕಾರಿಡಾರಿನಲ್ಲಿ ನಡೆಸಿದರೆ ಅದಕ್ಕೆ ಸಾಲದು. ಮೂವತ್ತು ಕಿಲೋ ತೂಗುವ ನಾಯಿ ಬೆಕ್ಕನ್ನು ಕಂಡು ಒಮ್ಮೆ ಜಗ್ಗಿದರೆ ಸಾಕು, ಮೂಳೆ ಸವೆದವರು ನೆಲಕ್ಕೆ ಬೀಳುತ್ತಾರೆ. ಚೈನಿನ ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಳ್ಳುವ ಅಭ್ಯಾಸವಿದ್ದರೆ ಇಂದೇ ಬಿಡಿ.

ಈ ಹಂತದಲ್ಲಿ ಹೇಳಲೇಬೇಕಾದ ಇನ್ನೊಂದು ಮಾತಿದೆ. ನಮ್ಮ ಎಷ್ಟೋ ಮನೆಗಳಲ್ಲಿ ಪಂಜರದ ಗಿಳಿ ಇರುತ್ತದೆ. ತಾತನ ಕಾಲದಿಂದ ಸಾಕಿಕೊಂಡು ಬಂದಿದ್ದೇವೆ ಎಂದು ಹೇಳುವವರಿದ್ದಾರೆ. ನಮ್ಮ ಕಾಡು-ತೋಟಗಳ ಹಸಿರು ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಕ್ಷತ್ರ ಆಮೆಯ ವಿಷಯವೂ ಅಷ್ಟೇ. ಇವುಗಳನ್ನು ಸಮುಚ್ಚಯದ ‘ಸಾಕುಪ್ರಾಣಿ ನೋಂದಣಿ’ ನಮೂನೆಯಲ್ಲಿ ಬರೆಯುವ ಪ್ರಮೇಯವೇ ಬರಬಾರದು. ಅರಣ್ಯ ಇಲಾಖೆಯನ್ನು ಮೊದಲೇ ಸಂಪರ್ಕಿಸುವುದು ಕ್ಷೇಮ.

ಮೂರನೆಯ ಹೆಜ್ಜೆ: ಕಾನೂನು ಎಲ್ಲಿಯವರೆಗೆ ಬೆಂಬಲಕ್ಕೆ ಬರುತ್ತದೆ ಎಂಬುದನ್ನು ತಿಳಿಯಿರಿ

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿ ಸಾಕುನಾಯಿಗಳ ಕುರಿತು ನಿವಾಸಿಗಳ ಸಂಘಗಳಿಗೆ ಮಾರ್ಗಸೂಚಿ ಹೊರಡಿಸಿತು. ಬಹುಮತದ ನಿರ್ಣಯ ಮಾಡಿಯೋ ಬೈಲಾ (ಸಂಘದ ನಿಯಮಾವಳಿ) ತಿದ್ದಿಯೋ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ, ನಾಯಿಯ ಗಾತ್ರವನ್ನಾಗಲಿ ಬೊಗಳುವುದನ್ನಾಗಲಿ ನಿಷೇಧಕ್ಕೆ ಕಾರಣವಾಗಿ ಮುಂದಿಡುವಂತಿಲ್ಲ, ಲಿಫ್ಟಿನಲ್ಲಿ ಕರೆದೊಯ್ಯಲು ಅಡ್ಡಿಪಡಿಸುವಂತಿಲ್ಲ ಎಂಬುದು ಅದರ ಸಾರ. 2021ರಲ್ಲಿ ಕೇರಳ ಹೈಕೋರ್ಟು, ಸಾಕುಪ್ರಾಣಿಗಳನ್ನು ಇಟ್ಟುಕೊಳ್ಳಬಾರದೆಂದು ವಿಧಿಸುವ ಸಂಘಗಳ ಬೈಲಾಗಳು ಕಾನೂನಿಗೆ ವಿರುದ್ಧವೆಂದು ತೀರ್ಪು ನೀಡಿತು.

ಆದರೆ ಇಷ್ಟನ್ನೇ ನೆಚ್ಚಿಕೊಂಡು ಹೋಗಬೇಡಿ. ಮಂಡಳಿಯ ಮಾತುಗಳು ನಿವಾಸಿಗಳ ಸಂಘವನ್ನು ಉದ್ದೇಶಿಸಿದವು. ಸ್ವಂತ ಫ್ಲಾಟು ಕೊಂಡವರಿಗೆ ಅವು ಗಟ್ಟಿ ಆಸರೆಯಾಗುತ್ತವೆ. ಠೇವಣಿ ಇಟ್ಟು ಒಂದು ಕೋಣೆಯಲ್ಲಿ ವಾಸಿಸುವ, ನರ್ಸಿನಿಂದ ಅಡುಗೆಯವರವರೆಗೆ ಎಲ್ಲದಕ್ಕೂ ಅದೇ ಸಂಸ್ಥೆಯನ್ನು ಅವಲಂಬಿಸಿರುವ 78ರ ಹಿರಿಯರೊಬ್ಬರು ಮಾರ್ಗಸೂಚಿಯ ಪ್ರತಿ ಹಿಡಿದು ಅದೇ ಸಂಸ್ಥೆಯ ಮೇಲೆ ದಾವೆ ಹೂಡುವುದು ನಡೆಯುವ ಮಾತಲ್ಲ. ಅಂಥವರನ್ನು ಕಾಯುವುದು ಕರಾರು ಪತ್ರವೊಂದೇ. ನಿರ್ಮಾಣ ಹಂತದಲ್ಲಿರುವ ಸಮುಚ್ಚಯವಾದರೆ ಅದು ಕರ್ನಾಟಕ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿಯಾಗಿದೆಯೇ ಎಂದು ಜಾಲತಾಣದಲ್ಲಿ ನೋಡಿ. ‘ಮುಂದೆ ನಾಯಿಗಳಿಗೆ ಪಾರ್ಕು ಬರುತ್ತದೆ’ ಎಂಬ ಮಾತು ಅಲ್ಲಿ ಸಲ್ಲಿಸಿದ ನಕ್ಷೆಯಲ್ಲಿಲ್ಲದಿದ್ದರೆ ಅದನ್ನು ಬಾಯಿಮಾತೆಂದೇ ತಿಳಿಯಿರಿ.

ನಾಲ್ಕನೆಯ ಹೆಜ್ಜೆ: ಕರಾರನ್ನು ಮನೆಗೆ ತಂದು ಓದಿ

ನಾವು ಬಹುಮಟ್ಟಿಗೆ ಒಪ್ಪಿಕೊಂಡಿದ್ದ ಒಂದು ಸಮುಚ್ಚಯದ ಕರಾರಿನಲ್ಲಿ ಪ್ರಾಣಿಗಳ ಬಗ್ಗೆ ಇದ್ದದ್ದು ಒಂದೇ ವಾಕ್ಯ: ಆಡಳಿತ ಮಂಡಳಿಯ ಲಿಖಿತ ಅನುಮತಿಯ ಮೇರೆಗೆ ಸಾಕುಪ್ರಾಣಿ ಇಟ್ಟುಕೊಳ್ಳಬಹುದು, ಅನುಮತಿಯನ್ನು ಯಾವಾಗ ಬೇಕಾದರೂ ಕಾರಣ ನೀಡದೆ ಹಿಂಪಡೆಯಬಹುದು. ಮೊದಲರ್ಧವನ್ನು ಮಾರಾಟ ವಿಭಾಗದವರು ಓದಿ ಹೇಳಿದ್ದರು. ಎರಡನೆಯ ಅರ್ಧ ಮನೆಗೆ ಬಂದು ಕನ್ನಡಕ ಹಾಕಿಕೊಂಡ ಮೇಲೆ ಕಣ್ಣಿಗೆ ಬಿತ್ತು. ತಿದ್ದಲು ಕೇಳಿದಾಗ ಅವರು ಒಪ್ಪಲಿಲ್ಲ. ನಾವೂ ಹೋಗಲಿಲ್ಲ.

ಕರಾರಿನಲ್ಲೋ ಅದಕ್ಕೆ ಲಗತ್ತಿಸಿದ ಪತ್ರದಲ್ಲೋ ನಿಮ್ಮ ಪ್ರಾಣಿಯ ಹೆಸರು, ತಳಿ, ವಯಸ್ಸು, ತೂಕ ಸ್ಪಷ್ಟವಾಗಿ ಬರಬೇಕು. ಅದು ಬದುಕಿರುವವರೆಗೂ ಈ ಅನುಮತಿ ಊರ್ಜಿತ ಎಂಬ ಮಾತು ಸೇರಬೇಕು. ದೂರು ಬಂದರೆ ಮೊದಲು ಲಿಖಿತ ಎಚ್ಚರಿಕೆ, ನಂತರ ಸರಿಪಡಿಸಿಕೊಳ್ಳಲು ಇಂತಿಷ್ಟು ದಿನಗಳ ಗಡುವು, ಆಮೇಲಷ್ಟೇ ಮುಂದಿನ ಕ್ರಮ ಎಂಬ ಅನುಕ್ರಮ ಇರಬೇಕು. ಇದ್ದ ನಾಯಿ ತೀರಿಕೊಂಡರೆ ಇನ್ನೊಂದನ್ನು ತರಲು ಅವಕಾಶವಿದೆಯೇ ಎಂಬುದನ್ನು ಬಹಳಷ್ಟು ಮಂದಿ ಕೇಳುವುದೇ ಇಲ್ಲ. ಕೇಳಲು ಮನಸ್ಸೂ ಬರುವುದಿಲ್ಲ. ಆದರೂ ಕೇಳಿ. ಪ್ರಾಣಿಗಾಗಿ ಪ್ರತ್ಯೇಕ ಠೇವಣಿ ಅಥವಾ ತಿಂಗಳ ಶುಲ್ಕ ಇದ್ದರೆ ಆ ಹಣಕ್ಕೆ ಪ್ರತಿಯಾಗಿ ಯಾವ ಸೇವೆ ಸಿಗುತ್ತದೆ, ಖಾಲಿ ಮಾಡುವಾಗ ಎಷ್ಟು ಹಿಂತಿರುಗುತ್ತದೆ ಎಂಬುದನ್ನು ಬರೆಸಿಕೊಳ್ಳಿ. ಕಟ್ಟಿದವರು ಒಬ್ಬರು, ನಡೆಸುವವರು ಇನ್ನೊಬ್ಬರು ಆಗಿರುವ ಕಡೆ ಇಬ್ಬರ ಸಹಿಯೂ ಬೇಕು. ನಡೆಸುವ ಸಂಸ್ಥೆ ಬದಲಾದಾಗ ಹಳೆಯವರು ಕೊಟ್ಟ ಮಾತು ಗಾಳಿಗೆ ಹೋಗುವುದನ್ನು ನಾನು ಕಂಡಿದ್ದೇನೆ.

ಐದನೆಯ ಹೆಜ್ಜೆ: ಎರಡು ಬಾರಿ ಹೋಗಿ ನೋಡಿ, ಒಮ್ಮೆ ಹೇಳದೆ ಹೋಗಿ

ಮೊದಲ ಭೇಟಿಯಲ್ಲಿ ಅವರು ತೋರಿಸಿದ್ದನ್ನು ನೋಡುತ್ತೀರಿ. ಎರಡನೆಯ ಭೇಟಿಯನ್ನು ಬೆಳಗ್ಗೆ ಆರೂವರೆಗೋ ಸಂಜೆ ಐದೂವರೆಗೋ ಇಟ್ಟುಕೊಳ್ಳಿ, ಏಕೆಂದರೆ ನಾಯಿಗಳು ಹೊರಗೆ ಬರುವ ಹೊತ್ತು ಅದು. ಒಂದೂ ನಾಯಿ ಕಾಣದಿದ್ದರೆ ಏಕೆಂದು ವಿಚಾರಿಸಿ. ನಾಯಿ ಹಿಡಿದು ನಡೆಯುವವರು ಯಾರಾದರೂ ಸಿಕ್ಕರೆ ನಿಮ್ಮ ಅರ್ಧ ಕೆಲಸ ಮುಗಿದಂತೆ. ಕಚೇರಿಯವರು ಒಂದು ಗಂಟೆಯಲ್ಲಿ ಹೇಳದ್ದನ್ನು ಅವರು ಐದು ನಿಮಿಷದಲ್ಲಿ ಹೇಳುತ್ತಾರೆ. ನಾಯಿ ಇಲ್ಲದವರೊಂದಿಗೂ ಮಾತಾಡಿ. ನಾಯಿಯೆಂದರೆ ಭಯವಿರುವವರು, ಮಡಿ-ಮೈಲಿಗೆ ನೋಡುವವರು, ಬಿದ್ದೇನೆಂದು ಹೆದರುವ ವಾಕರ್ ಹಿಡಿದವರು ಅಲ್ಲಿರುತ್ತಾರೆ, ಮತ್ತು ಅವರ ಅಳುಕಿಗೂ ಕಾರಣವಿರುತ್ತದೆ. ಇಬ್ಬರಿಗೂ ಹೊಂದುವಂತೆ ನಾಯಿ ನಡೆಸುವ ದಾರಿಯನ್ನೂ ಹೊತ್ತನ್ನೂ ಗೊತ್ತುಮಾಡಿರುವ ಸಮುಚ್ಚಯ, ಎಲ್ಲಕ್ಕೂ ‘ಆಗಲಿ’ ಎನ್ನುವ ಸಮುಚ್ಚಯಕ್ಕಿಂತ ಹೆಚ್ಚು ಕಾಲ ನೆಮ್ಮದಿಯಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ನಂತರ ಅಡುಗೆಮನೆಯ ವಿಷಯ. ನಿವೃತ್ತರ ಸಮುಚ್ಚಯಗಳಲ್ಲಿ ಅನೇಕವು ಶುದ್ಧ ಸಸ್ಯಾಹಾರಿ. ಆವರಣದೊಳಗೆ ಮೊಟ್ಟೆ, ಮಾಂಸ ತರುವಂತಿಲ್ಲ ಎಂಬ ನಿಯಮವಿರುವ ಕಡೆಗಳೂ ಉಂಟು. ಕೋಳಿ-ಅನ್ನ ತಿಂದು ಬೆಳೆದ ನಾಯಿಯ ಗತಿಯೇನು? ನಿಮ್ಮ ಮನೆಯೊಳಗೆ ಬೇಯಿಸಬಹುದೇ, ಪ್ಯಾಕೆಟ್ಟಿನ ಒಣ ಆಹಾರಕ್ಕೆ ಮಾತ್ರ ಅವಕಾಶವೇ ಎಂದು ಸಂಕೋಚವಿಲ್ಲದೆ ಕೇಳಿ. ಬೆಕ್ಕಿಗಂತೂ ಮಾಂಸದ ಅಂಶವಿಲ್ಲದೆ ಆಗುವುದೇ ಇಲ್ಲ. ಮೊಸರನ್ನದ ಮೇಲೆ ಅದನ್ನು ಸಾಕಲಾಗದು. ಇದರ ಇನ್ನೊಂದು ಮುಖವೂ ಇದೆ. ಊಟದ ಹಾಲಿನಿಂದ ಎದ್ದು ಬರುವ ಹಿರಿಯರು ಪ್ರೀತಿಯಿಂದ ಕೈಯಲ್ಲಿದ್ದುದನ್ನು ನಾಯಿಗೆ ಹಾಕುತ್ತಾರೆ. ಹಬ್ಬದ ದಿನ ಪಾಯಸದ ಒಣದ್ರಾಕ್ಷಿ, ಸಾಂಬಾರಿನ ಈರುಳ್ಳಿ, ಮೊಮ್ಮಗ ತಂದ ಚಾಕೊಲೇಟ್, ಈ ಮೂರೂ ನಾಯಿಗೆ ವಿಷ. ಕರಿಯನ ಕೊರಳಪಟ್ಟಿಗೆ ಚಿಕ್ಕಮ್ಮ ‘ದಯವಿಟ್ಟು ಏನೂ ಹಾಕಬೇಡಿ, ನನಗೆ ಹೊಟ್ಟೆನೋವು’ ಎಂದು ಬರೆದ ಸಣ್ಣ ಬಿಲ್ಲೆಯೊಂದನ್ನು ಕಟ್ಟಿದ್ದಾರೆ. ಬೇಸರವಾಗದ ಹಾಗೆ ಹೇಳುವ ಉಪಾಯ ಅದು.

ಕಟ್ಟಡವನ್ನು ನೋಡುವಾಗ ಕಣ್ಣು ನೆಲದ ಮೇಲಿರಲಿ. ನುಣುಪಾದ ವಿಟ್ರಿಫೈಡ್ ಟೈಲ್ಸ್ ಮೇಲೆ ವಯಸ್ಸಾದ ನಾಯಿಯ ಹಿಂಗಾಲುಗಳು ಜಾರುತ್ತವೆ. ಹಿರಿಯರಿಗಾಗಿ ಜಾರದ ಟೈಲ್ಸ್ ಹಾಕಿರುವ ಕಡೆ ಎರಡೂ ಜೀವಕ್ಕೆ ಒಳ್ಳೆಯದು. ನಾಯಿ ಇದ್ದವರಿಗೆ ನೆಲ ಅಂತಸ್ತಿನ ಮನೆ ಸಿಕ್ಕರೆ ಲಿಫ್ಟಿನ ತಕರಾರೇ ಇರುವುದಿಲ್ಲ. ಬೆಕ್ಕಿದ್ದವರು ಬಾಲ್ಕನಿಗೆ ಪಾರಿವಾಳದ ಬಲೆ ಹಾಕಿಸಲು ಅನುಮತಿ ಇದೆಯೇ ಎಂದು ಕೇಳಬೇಕು. ಹೊರನೋಟ ಕೆಡುತ್ತದೆಂದು ಬಲೆ ಬೇಡವೆನ್ನುವವರಿದ್ದಾರೆ, ಬಲೆ ಇಲ್ಲದ ನಾಲ್ಕನೇ ಮಹಡಿಯಲ್ಲಿ ಬೆಕ್ಕು ಸಾಕುವುದು ಸಾಹಸ. ಹೌಸ್‌ಕೀಪಿಂಗ್ ಸಿಬ್ಬಂದಿ ನೆಲಕ್ಕೆ ಯಾವ ಫಿನಾಯಿಲ್ ಬಳಸುತ್ತಾರೆಂದು ನೋಡಿ. ನೆಲದ ಮೇಲೆ ನಡೆದ ಬೆಕ್ಕು ಪಾದ ನೆಕ್ಕಿಕೊಳ್ಳುತ್ತದೆ, ಫೀನಾಲ್ ಅಂಶವಿರುವ ದ್ರಾವಣ ಅದರ ಯಕೃತ್ತಿಗೆ ಕೆಡುಕು. ಇಲಿ ಪಾಷಾಣವನ್ನು ಎಲ್ಲಿ ಇಡುತ್ತಾರೆ, ಮುನ್ಸೂಚನೆ ಕೊಡುತ್ತಾರೆಯೇ ಎಂಬುದೂ ಅಷ್ಟೇ ಮುಖ್ಯ. ಆವರಣದಲ್ಲಿ ಬೀದಿನಾಯಿಗಳಿದ್ದರೆ ಅವುಗಳಿಗೆ ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆ ಆಗಿದೆಯೇ ಎಂದು ವಿಚಾರಿಸಿ. ಚಿಕಿತ್ಸೆಯಾದ ನಾಯಿಯ ಕಿವಿಯ ತುದಿಯನ್ನು ಕೊಂಚ ಕತ್ತರಿಸಿ ಗುರುತು ಮಾಡಿರುತ್ತಾರೆ.

ದೀಪಾವಳಿಯ ಪಟಾಕಿಯ ಬಗ್ಗೆ ಸಮುಚ್ಚಯದ ನಿಯಮವೇನೆಂದು ಕೇಳಲು ಮರೆಯಬೇಡಿ.

ಆರನೆಯ ಹೆಜ್ಜೆ: ವೈದ್ಯರು, ಲಸಿಕೆ, ದಾಖಲೆ

ಸಮುಚ್ಚಯ ಊರಿನಿಂದ ದೂರವಿದ್ದಷ್ಟೂ ಗಾಳಿ ಚೆನ್ನಾಗಿರುತ್ತದೆ, ಪಶುವೈದ್ಯರು ದೂರವಾಗುತ್ತಾರೆ. ಹತ್ತಿರದ ಕ್ಲಿನಿಕ್ಕು ಎಷ್ಟು ಕಿಲೋಮೀಟರಿಗಿದೆ, ಭಾನುವಾರ ತೆರೆದಿರುತ್ತದೆಯೇ, ನಾಯಿಯನ್ನು ಹತ್ತಿಸಿಕೊಳ್ಳುವ ಆಟೋ ಅಥವಾ ಟ್ಯಾಕ್ಸಿ ಅಲ್ಲಿಗೆ ಬರುತ್ತದೆಯೇ ಎಂದು ನೀವೇ ಒಮ್ಮೆ ಹೋಗಿ ಬಂದು ತಿಳಿಯಿರಿ. ಬೆಂಗಳೂರಿನ ಉತ್ತರ ಭಾಗದಲ್ಲಿರುವವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ದೊಡ್ಡ ಅನುಕೂಲ.

ರೇಬೀಸ್ ಲಸಿಕೆಯನ್ನು ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿ, ಲಸಿಕೆ ಪುಸ್ತಕದ ನಕಲನ್ನು ಸಮುಚ್ಚಯದ ಕಚೇರಿಗೆ ಕೊಡಿ; ನಗರ ಪಾಲಿಕೆಯ ಪರವಾನಗಿ ಇರುವ ಕಡೆ ಅದನ್ನೂ ಮಾಡಿಸಿ. ನಾಯಿಯ ಮೈಗಂಟಿ ರಕ್ತ ಹೀರುವ ಉಣ್ಣೆಯ ನಿವಾರಣೆಯನ್ನು ಹಗುರವಾಗಿ ಕಾಣಬೇಡಿ, ಏಕೆಂದರೆ ಹುಲ್ಲುಹಾಸಿನ ಆವರಣಗಳಲ್ಲಿ ಉಣ್ಣೆಜ್ವರ ನಾಯಿಗಳನ್ನು ಬಹಳ ಕಾಡುತ್ತದೆ. ಸಮುಚ್ಚಯದ ನರ್ಸಿಗೆ ಒಂದು ಪ್ರಶ್ನೆ ಹಾಕಿ ನೋಡಿ: ‘ನಾಯಿಯ ಉಗುರು ತಾಗಿ ರಕ್ತ ಬಂದರೆ ಏನು ಮಾಡುತ್ತೀರಿ?’ ಹರಿಯುವ ನೀರು ಮತ್ತು ಸೋಪಿನಲ್ಲಿ ಹದಿನೈದು ನಿಮಿಷ ತೊಳೆದು ತಡಮಾಡದೆ ವೈದ್ಯರಿಗೆ ತೋರಿಸುತ್ತೇವೆ ಎಂಬುದು ಸರಿಯಾದ ಉತ್ತರ. ‘ಡೆಟಾಲ್ ಹಚ್ಚಿ ಪಟ್ಟಿ ಕಟ್ಟುತ್ತೇವೆ’ ಎಂದರೆ ತರಬೇತಿ ಸಾಲದು. ವಯಸ್ಸಾದವರ ಚರ್ಮ ತೆಳು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಸಣ್ಣ ಗೀರಿನಿಂದಲೂ ಹೆಚ್ಚು ರಕ್ತ ಸುರಿಯುತ್ತದೆ.

ಏಳನೆಯ ಹೆಜ್ಜೆ: ನೀವು ಮನೆಯಲ್ಲಿಲ್ಲದ ದಿನಕ್ಕೆ ಏರ್ಪಾಡು

ಹೊಸ ಮನೆಗೆ ಹೋದ ಹತ್ತನೇ ತಿಂಗಳಲ್ಲಿ ಚಿಕ್ಕಮ್ಮ ಕಾಲು ಮುರಿದುಕೊಂಡು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಕರಿಯನಿಗೆ ಒಂದು ಹೊತ್ತಿನ ಊಟವೂ ತಪ್ಪಲಿಲ್ಲ. ಅದು ಅದೃಷ್ಟವಲ್ಲ, ಅವರು ಹೋದ ಮೊದಲ ವಾರದಲ್ಲೇ ಮಾಡಿಟ್ಟ ಏರ್ಪಾಡು.

ಎದುರು ಮನೆಯ ದಂಪತಿಗಳ ಬಳಿ ಒಂದು ಬೀಗದ ಕೈ ಇತ್ತು. ಬದಲಿಗೆ ಅವರ ಮನೆಯ ಬೀಗದ ಕೈ ಚಿಕ್ಕಮ್ಮನ ಬಳಿ. ಬಾಗಿಲ ಹಿಂದೆ ಅಂಟಿಸಿದ ಒಂದು ಹಾಳೆಯಲ್ಲಿ ಕರಿಯ ಎಷ್ಟು ಹೊತ್ತಿಗೆ, ಎಷ್ಟು ಅಳತೆ ತಿನ್ನುತ್ತಾನೆ, ಕೀಲುನೋವಿನ ಮಾತ್ರೆಯನ್ನು ಯಾವುದರಲ್ಲಿ ಅಡಗಿಸಿ ಕೊಡಬೇಕು, ಯಾವ ಶಬ್ದಕ್ಕೆ ಹೆದರುತ್ತಾನೆ, ಪಶುವೈದ್ಯರ ಸಂಖ್ಯೆ ಯಾವುದು ಎಂಬುದೆಲ್ಲ ದಪ್ಪ ಅಕ್ಷರದಲ್ಲಿತ್ತು. ಹದಿನೈದು ದಿನಕ್ಕಾಗುವಷ್ಟು ಆಹಾರ ಡಬ್ಬಿಯಲ್ಲಿತ್ತು. ಸಮುಚ್ಚಯದ ತೋಟದ ಕೆಲಸದವರೊಬ್ಬರಿಗೆ ವಾರಕ್ಕೆರಡು ದಿನ ಹಣ ಕೊಟ್ಟು ಕರಿಯನನ್ನು ನಡೆಸುವ ಅಭ್ಯಾಸ ಮಾಡಿಸಿದ್ದರಿಂದ, ಆ ಹನ್ನೊಂದು ದಿನ ಅವನು ಅಪರಿಚಿತರ ಜೊತೆ ಹೋಗಬೇಕಾಗಲಿಲ್ಲ. ಇಲ್ಲಿ ಸಂಸ್ಥೆ ಮಾಡಿದ್ದು ಒಂದೇ ಕೆಲಸ, ಆದರೆ ದೊಡ್ಡ ಕೆಲಸ: ಆ ತೋಟದವರಿಗೆ ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಬಿಡುವು ಕೊಡುತ್ತೇವೆಂದು ಮೊದಲೇ ಲಿಖಿತವಾಗಿ ಒಪ್ಪಿಕೊಂಡಿತ್ತು. ನೀವು ಆಯ್ದ ಸ್ಥಳ ಇಷ್ಟನ್ನಾದರೂ ಬರೆದುಕೊಡಲು ಸಿದ್ಧವಿದೆಯೇ ಎಂದು ನೋಡಿ.

ಮುಂದಿನದು ಕಷ್ಟದ ಮಾತು. ನಿಮ್ಮ ನಂತರ ನಿಮ್ಮ ಪ್ರಾಣಿ ಯಾರ ಮನೆಗೆ ಹೋಗಬೇಕು? ನಮ್ಮ ಕಾನೂನಿನಲ್ಲಿ ಪ್ರಾಣಿಯ ಹೆಸರಿಗೆ ಆಸ್ತಿ ಬರೆಯಲು ಬರುವುದಿಲ್ಲ. ಅದನ್ನು ನೋಡಿಕೊಳ್ಳಲು ಒಪ್ಪಿದ ವ್ಯಕ್ತಿಯ ಹೆಸರನ್ನೂ ಅದರ ಖರ್ಚಿಗೆ ಇಷ್ಟು ಹಣ ಎಂಬುದನ್ನೂ ಉಯಿಲಿನಲ್ಲಿ ಬರೆಯಬಹುದು. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ. ಉಯಿಲು ಹೊರಬರುವುದಕ್ಕೆ ವಾರಗಳೇ ಹಿಡಿಯಬಹುದಾದ್ದರಿಂದ ಆ ವ್ಯಕ್ತಿಯ ಹೆಸರು ಮತ್ತು ಫೋನ್ ಸಂಖ್ಯೆ ಸಮುಚ್ಚಯದ ಕಚೇರಿಯಲ್ಲೂ ಇರಲಿ. ಮಕ್ಕಳು ನೋಡಿಕೊಳ್ಳುತ್ತಾರೆಂದು ಊಹಿಸಬೇಡಿ, ಬಾಯಿಬಿಟ್ಟು ಕೇಳಿ. ಚಿಕ್ಕಮ್ಮ ನನ್ನನ್ನು ಕೇಳಿದಾಗ ಹೂಂ ಎನ್ನಲು ನಾನು ಎರಡು ದಿನ ತೆಗೆದುಕೊಂಡೆ, ಮತ್ತು ಆ ಎರಡು ದಿನ ತೆಗೆದುಕೊಂಡದ್ದೇ ಸರಿ ಎಂದು ಅವರು ಹೇಳಿದರು.

ಎಂಟನೆಯ ಹೆಜ್ಜೆ: ಒಂದು ವಾರ ಇದ್ದು ನೋಡಿ, ಆಮೇಲೆ ಹೊರಡಿ

ಅತಿಥಿ ಕೋಣೆಯಲ್ಲಿ ಹಣ ಕೊಟ್ಟು ಒಂದು ವಾರ ಇರಲು ಕೆಲವು ಸಮುಚ್ಚಯಗಳು ಅವಕಾಶ ಕೊಡುತ್ತವೆ. ಪ್ರಾಣಿಯನ್ನೂ ಕರೆದುಕೊಂಡೇ ಹೋಗಿ. ‘ಟ್ರಯಲ್‌ಗೆ ಮಾತ್ರ ನಾಯಿ ಬೇಡ’ ಎನ್ನುವವರ ಬಳಿ ಮುಂಗಡ ಕಟ್ಟುವ ಮುನ್ನ ಇನ್ನೊಮ್ಮೆ ಯೋಚಿಸಿ.

ಸಾಗಣೆಗೆ ಕಾರು ಅನುಕೂಲ. ಕೊಯಮತ್ತೂರಿನಂಥ ದೂರದ ಊರಿಗೆ ರೈಲಿನಲ್ಲಿ ಹೋಗುವುದಾದರೆ, ಪ್ರಥಮ ದರ್ಜೆ ಎ.ಸಿ.ಯ ಎರಡು ಬರ್ತಿನ ಕೂಪೆಯನ್ನೋ ನಾಲ್ಕು ಬರ್ತಿನ ಕ್ಯಾಬಿನ್ನನ್ನೋ ಪೂರ್ತಿಯಾಗಿ ಕಾಯ್ದಿರಿಸಿದವರಿಗೆ ಮಾತ್ರ ನಾಯಿಯನ್ನು ಜೊತೆಯಲ್ಲಿಟ್ಟುಕೊಳ್ಳಲು ಬಿಡುತ್ತಾರೆ. ಇಲ್ಲದಿದ್ದರೆ ಅದು ಗಾರ್ಡಿನ ಬ್ರೇಕ್‌ವ್ಯಾನಿನ ನಾಯಿಪೆಟ್ಟಿಗೆಯಲ್ಲಿ ಹೋಗಬೇಕು. ವಯಸ್ಸಾದ ನಾಯಿಗೆ ಆ ಪೆಟ್ಟಿಗೆ ಬೇಡ ಎಂಬುದೇ ನನ್ನ ಸಲಹೆ.

ಹೊಸ ಮನೆಗೆ ಹೋದ ಮೇಲೆ ಬೆಕ್ಕನ್ನು ಮೊದಲ ಒಂದೆರಡು ವಾರ ಒಂದೇ ಕೋಣೆಯಲ್ಲಿಡಿ, ಮರಳಿನ ತಟ್ಟೆಯೂ ನೀರೂ ಅಲ್ಲೇ ಇರಲಿ. ಹೊರಗೆ ಬಿಟ್ಟರೆ ಅದು ಹಳೆಯ ಮನೆಯನ್ನು ಹುಡುಕಿಕೊಂಡು ಹೊರಡುತ್ತದೆ. ನಾಯಿಗೆ ಹೊಸ ಹಾಸಿಗೆ ಕೊಳ್ಳಬೇಡಿ. ಹಳೆಯ ಬೆಡ್‌ಶೀಟನ್ನು ಒಗೆಯದೆ ಹಾಗೆಯೇ ತಂದು, ರಾತ್ರಿ ನಿಮ್ಮ ಮಂಚ ಅದರ ಕಣ್ಣಿಗೆ ಕಾಣುವ ಕಡೆ ಹಾಸಿ.